ಜೋಕ್ ಅವಂದು, ಬೈಗುಳ ನಂದು

ಸಿಂಧನೂರಾಗ ಡಿಶ್ ಕೂಡ್ರಸೋದು, ಕೆಟ್ಟರ ರಿಪೇರಿ ಮಾಡೋದು ನನ್ನ ದಂಧೆ. ರಾತ್ರಿ ಹೊತ್ತಾದ ಮ್ಯಾಲೆ ಕೋಟು ಹಾಕ್ಕೊಂಡು ಟಿವ್ಯಾಗ ಜೋಕ್ ಹೇಳ್ತಾನಲ್ಲ ಒಬ್ಬ ನಿರೂಪಕ, ಅವನ್ನ ನಾನೇ ಹಡದೀನಿ ಅನ್ನೋಹಂಗ ಮಂದಿ ನನಗ ಜವಾಬು ಕೇಳ್ತಾರ. ಮೊಬೈಲ್ ಬಂದಾಗಿಂದ ಎಲ್ಲಾರೂ ಡಿಶ್ ಬಿಚ್ಚಾಕತ್ತಾರ. ಇರೋ ಗಿರಾಕೀನೂ ಹೋದ್ರ ನಮ್ಮ ಒಲಿ ಹತ್ತಂಗಿಲ್ಲ ಅಂತ ಬಾಯಿ ಮುಚ್ಕೊಂಡು ಕೇಳ್ತೀನಿ. ಸಾಕಾಗೇತಿ, ಖರೇನ.

೧. ಮೊದಲ ನಗೋವ

ಜವಳಗೇರಾದ ಗೌಡ್ರು ಕರಿಸಿದ್ರು. “ಲೇ ತಮ್ಮಾ, ಜೋಕ್ ಹೇಳೋಕಿಂತ ಮುಂಚೆ ಅವನೇ ನಗ್ತಾನಲ್ಲೋ. ಬಡಿಸೋವನೇ ಮೊದಲ ಉಂಡಂಗಾತು. ಹೇಳು ಅವಂಗ.”

“ಅವ ಬೆಂಗಳೂರಾಗ ಇರ್ತಾನ್ರೀ. ನಾ ಹೆಂಗ ಹೇಳ್ಲಿ?”

“ಮಾಳಗಿ ಮ್ಯಾಲೆ ಡಿಶ್ ಛತ್ರಿ ಹಚ್ಚಿದಾವ ನೀನ ಅಲ್ಲೇನು? ಅದರಾಗಿಂದ ಹೇಳು.”

ವಾದ ಮಾಡೋ ತ್ರಾಣ ಇರಲಿಲ್ಲ. ಛತ್ರಿಗೆ ಬಾಯಿ ಹಚ್ಚಿ ಹೇಳಿ ಬಂದೆ. ಮರುದಿನ ಗೌಡ್ರ ಫೋನ್: “ಶಭಾಷ್! ನಿನ್ನೆ ಜರಾ ಕಡಿಮಿ ನಕ್ಕ.”

೨. ಟವೆಲ್ ಹಾಕಿದ ಟಿವಿ

ಲಿಂಗಸೂರು ಕಡೆ ಗುರುಗುಂಟಾದಾಗ ಒಂದು ರಾತ್ರಿ ಒಬ್ಬ ಅಜ್ಜಿ ಟಿವಿ ಮ್ಯಾಲೆ ಟವೆಲ್ ಹೊದಿಸಿ ಕುಂತಿದ್ಲು. ಒಳಗ ನಿರೂಪಕನ ದನಿ ಮಾತ್ರ ಕೇಳಾಕತ್ತಿತ್ತು.

“ಯಾಕವ್ವಾ ಹಿಂಗ?”

“ಅವ ನನ್ನೇ ನೋಡ್ತಾನಪ್ಪ. ಮನ್ಯಾಗ ಸೊಸಿ ಅದಾಳ.”

“ಬ್ಯಾರೆ ಚಾನಲ್ ಹಾಕಬಾರದೇನವ್ವಾ?”

“ಅಯ್ಯ! ಮಾತು ಚಲೋ ಅದಾವ. ಕಣ್ಣಷ್ಟೇ ಸುಮಾರು.”

೩. ಹೊಸಬ ಬಂದ

ಮಸ್ಕಿ ದಾಟಿ ಪಾಮನಕಲ್ಲೂರಾಗ ಮುದುಕ-ಮುದುಕಿ ಇಬ್ಬರ ಮನಿ. ತನಗ ಒಂದು ಮಾತೂ ಹೇಳದನ ಎಮ್ಮಿ ಮಾರಿದ ಅಂತ ಮುದುಕಿ ಗಂಡನ ಕೂಡ ಮಾತು ಬಿಟ್ಟಿದ್ಲು. ಆ ನಿರೂಪಕ ಬಂದಾಗಷ್ಟೇ ಇಬ್ಬರಿಗೂ ಬಾಯಿ ಬರ್ತಿತ್ತು. “ಇವಂದೊಂದು ಮಾರಿ!” ಅಂತ ಮುದುಕ. “ಹೌದ್ರೀ, ನಗು ಬರಂಗಿಲ್ಲ, ಏನಿಲ್ಲ!” ಅಂತ ಮುದುಕಿ.

ಚಾನಲ್ಲಿನವರು ಅವನ್ನ ತೆಗದು ಹೊಸಬನ್ನ ತಂದ್ರು. ಒಂದಿನ ರಾತ್ರಿ ಆ ಹೊತ್ತಿಗೇ ಮುದುಕ ನನ್ನ ಕರಿಸಿ ಡಿಶ್ ಬಿಚ್ಚು ಅಂದ.

“ಹೊಸಬ ಚಲೋ ಇಲ್ಲೇನ್ರೀ?”

“ಬಾಳ ಚಲೋ ಅದಾನೋ. ಬೈಯಾಕ ಏನೂ ಸಿಗವಲ್ದು. ಅವ ಬಂದಾಗಿಂದ ಆಕಿ ನನ್ನ ಕೂಡ ಒಂದು ಮಾತಾಡಿಲ್ಲ.” ಮುದುಕನ ಕಣ್ಣಾಗ ನೀರು.

ಮಾಳಗಿ ಏರಿ ಡಿಶ್ ಬಿಚ್ಚಲಿಲ್ಲ, ಜರಾ ತಿರುವಿದೆ. ಕೆಳಗ ಟಿವ್ಯಾಗ ಹೊಸಬನ ಮಾರಿ ಚೂರುಚೂರಾತು. ಮುದುಕಿ ಅಡಗಿಮನಿಯಿಂದ ಓಡಿ ಬಂದ್ಲು.

“ನೋಡ್ರೀ, ಈ ಡಿಶ್‌ನವಂಗ ಸುಡುಗಾಡು ಕೆಲಸ ಬರಂಗಿಲ್ಲ!”

“ಹೌದ್ನೋಡು, ಶುದ್ಧ ದಡ್ಡ ಅದಾನ!” ಅಂದ ಮುದುಕ. ದನಿಯಾಗ ಏನ್ ಖುಷಿ ಅಂತೀರಿ.

ಈಗ ದಿನಾ ಇಬ್ಬರೂ ಕೂಡಿ ನನ್ನ ಬೈತಾರ. ಮೊನ್ನೆ ಮುದುಕ ಫೋನ್ ಮಾಡಿ ಪಿಸುಗುಟ್ಟಿದ: “ತಮ್ಮಾ, ಆಕಿ ನಿನಗ ರಿಪೇರಿಗೆ ಬಾ ಅಂತಾಳ. ದಮ್ಮಯ್ಯ ಅಂತೀನಿ, ಬರಬ್ಯಾಡ.”