ತೊಟ್ಟಿಲಿಗೆ ಬಂದ ರೋಸಾ

ಶಿವಕಾಂತಮ್ಮ: ನಾ ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ. ರೋಸಾ ಅಂದ್ರೇನು?

ಪ್ರೀತಿ: ಗುಲಾಬಿ ಹೂ ರೀ, ಅಕ್ಕಾರ.

ಶಿವಕಾಂತಮ್ಮ: ಹಂಗಾದ್ರ ಗುಲಾಬಿ ಅಂತ ಇಡು.

ವಿವೇಕಾನಂದ ಗೋಡೆಗೆ ಬಲೂನು ಅಂಟಿಸುತ್ತಿದ್ದ. ಅವನ ಹದಿಮೂರು ದಿನದ ಮಗಳು ಹೂವಿನ ತೊಟ್ಟಿಲಲ್ಲಿ ಮುಷ್ಟಿ ಬಿಗಿದು ಮಲಗಿದ್ದಳು. ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಅವಳು ಹೇಳುವತನಕ ಹೆಸರು ಹೆಸರಲ್ಲ. ಅದಕ್ಕೆಂದೇ ಅವನ ಅಕ್ಕ ಶಿವಕಾಂತಮ್ಮ ನಿನ್ನೆ ಕಮಲಾಪುರದಿಂದ ಜೇವರ್ಗಿ ಕಾಲೋನಿಗೆ ಬಂದಿದ್ದಳು. ತೀರಿಹೋದ ತಾಯಿ ಗುರುಬಸಮ್ಮನ ಹೆಸರಿಡಬೇಕೆಂದು ಅವಳ ಆಸೆ. ಹೆಂಡತಿ ಪ್ರೀತಿಯ ಆಸೆ ಆಗಲೇ ಬಲೂನಿನ ಮೇಲೆ ‘ರೋಸಾ’ ಎಂದು ಅಚ್ಚಾಗಿತ್ತು.

ಪ್ರೀತಿ: ಗುಲಾಬಿ ಹಳೀ ಹೆಸರು ರೀ. ರೋಸಾ ಲ್ಯಾಟಿನ್ ಮಾತು.

ಶಿವಕಾಂತಮ್ಮ: ಅದು ಎಂದಿಂದು?

ಪ್ರೀತಿ: ಎರಡು ಸಾವಿರ ವರ್ಷದ್ದು ರೀ.

ಶಿವಕಾಂತಮ್ಮ: ಎರಡು ಸಾವಿರ ವರ್ಷದ್ದು ಹೊಸದು, ನಮ್ಮವ್ವನ ಹೆಸರು ಹಳೇದು.

ವಿವೇಕಾನಂದ: ಲ್ಯಾಟಿನ್ ಈಗ ಯಾರ ಮನ್ಯಾಗೂ ಮಾತಾಡಂಗಿಲ್ಲ, ಅಕ್ಕಾ. ಸತ್ತ ಭಾಷಾ.

ಶಿವಕಾಂತಮ್ಮ: ಸತ್ತ ಭಾಷಾದ್ದು ನಡೀತದ, ಸತ್ತ ಅವ್ವಂದು ನಡಿಯಂಗಿಲ್ಲ.

ವಿವೇಕಾನಂದ ಮತ್ತೊಂದು ಬಲೂನು ಊದತೊಡಗಿದ. ಬಾಯಿಗೆ ಕೆಲಸವಿರುವುದು ಒಳ್ಳೆಯದೆನಿಸಿತು.

ಪ್ರೀತಿ: ಆ ಭಾಷಾಕ್ಕ ಮಕ್ಕಳದಾವ ರೀ, ಅದರಿಂದ ಹುಟ್ಟಿದ ಭಾಷಾಗಳು. ಇಟಲಿ, ಸ್ಪೇನ್, ಪೋರ್ಚುಗಲ್, ಮೂರೂ ಕಡಿ ಒಂದಕ್ಷರ ಕೆಡದಂಗ ರೋಸಾನೇ ಅಂತಾರ.

ಶಿವಕಾಂತಮ್ಮ: ಅವ್ವ ಹೋದ್ರೂ ಅವ್ವನ ಮಾತು ಇಟಗೊಂಡಾವ. ಛಲೋ ಮಕ್ಕಳು.

ಹೀಗೆಂದು ಅವಳು ತಮ್ಮನನ್ನು ನೋಡಿದಳು. ಬಲೂನು ಒಡೆಯಿತು.

ಪ್ರೀತಿ: ಹೊಟ್ಟ್ಯಾಗಿದ್ದಾಗಿಂದ ರೋಸಾ ಅಂತನೇ ಕರದೀನಿ ರೀ...

ಶಿವಕಾಂತಮ್ಮ: ಗಂಡಾಗಿದ್ರ?

ಪ್ರೀತಿ: ಆ ವಿಚಾರ ಮಾಡಿರಲಿಲ್ರೀ.

ಅವಳ ಕಣ್ಣು ತುಂಬಿದವು. ಶಿವಕಾಂತಮ್ಮ ಸೆರಗು ಸರಿಮಾಡಿಕೊಂಡು ತೊಟ್ಟಿಲಿಗೆ ಬಾಗಿ, ನೆರೆದ ಹೆಂಗಸರಿಂದ ಪದ್ಧತಿಯಂತೆ ಬೆನ್ನಿಗೆ ಗುದ್ದು ತಿನ್ನುತ್ತ, ಕೂಸಿನ ಕಿವಿಯಲ್ಲಿ ಮೂರು ಸಲ ‘ರೋಸಾ’ ಎಂದಳು. ಅಂಗಳದವರೆಗೂ ಕೇಳಿಸಿತು. ಪ್ರೀತಿ ಅವಳ ಕಾಲು ಮುಟ್ಟಿದಳು.

ವಿವೇಕಾನಂದ ಅಡುಗೆಮನೆಯವರೆಗೆ ಅಕ್ಕನ ಹಿಂದೆಯೇ ಹೋದ.

ವಿವೇಕಾನಂದ: ಅವ್ವನ ಹೆಸರು ಬಿಟ್ಟುಕೊಟ್ಟಿಯಲ್ಲ, ಅಕ್ಕಾ?

ಶಿವಕಾಂತಮ್ಮ: ಯಾರು ಬಿಟ್ರು? ಮುಂಜಾನೆ ಕೂಸಿಗಿ ನೀರೆರಿಯುಮುಂದನೇ ಅದರ ಕಿವ್ಯಾಗ ಹೇಳಿಬಿಟ್ಟೀನಿ.

ವಿವೇಕಾನಂದ: ಹಂಗಾದ್ರ ಇಷ್ಟೊತ್ತು ಯಾಕ ಜಗಳಾಡಿದಿ?

ಶಿವಕಾಂತಮ್ಮ: ಲಗೂನ ಒಪ್ಪಿದ್ರ ಪ್ರೀತಿಗಿ ಸಂಶಯ ಬರ್ತಿತ್ತು.

ವಿವೇಕಾನಂದ: ಈಗ ಖರೇ ಹೆಸರು ಯಾವುದು?

ಶಿವಕಾಂತಮ್ಮ: ಕೂಸಿಗಿ ಎರಡು ಕಿವಿ ಅದಾವ. ನಿನಗ್ಯಾಕ ಚಿಂತಿ?