ನಯೋಬಿಯಂನ ನೆಮ್ಮದಿ ಕೆಡಿಸಿದ ನಿಕಲ್ ಪದರದವರಿಗೆ

ಮಾನ್ಯ ಮೇಲಿನ ಪದರದವರೇ, ಮಾನ್ಯ ಕೆಳಗಿನ ಪದರದವರೇ,

ಅರಸೀಕೆರೆಯ ಪುಟ್ಟ ಪ್ರಯೋಗಾಲಯವೊಂದರ ಸಂಶೋಧನಾ ವಿದ್ಯಾರ್ಥಿನಿ ಪ್ರತಿಮಾ ಮಾಡುವ ಸಾಷ್ಟಾಂಗ ವಂದನೆಗಳು. ಕೂದಲಿನ ಹತ್ತು ಸಾವಿರದಲ್ಲೊಂದು ಪಾಲು ದಪ್ಪವಿರುವ ತಾವು ಐವತ್ತೆಂಟು ಕಿಲೋ ತೂಗುವ ನನ್ನನ್ನು ಮೂರು ವರ್ಷ ಕುಣಿಸಿದ್ದಕ್ಕೆ ಮೊದಲಿಗೆ ಅಭಿನಂದನೆಗಳು.

ತಮ್ಮಿಬ್ಬರ ನಡುವೆ ನಾನೇ ಕೂರಿಸಿದ ನಯೋಬಿಯಂ ಬಹಳ ಸಾಧು ಲೋಹ. ಸೊನ್ನೆಗಿಂತ ಇನ್ನೂರ ಅರವತ್ತಕ್ಕೂ ಹೆಚ್ಚು ಡಿಗ್ರಿ ಕೆಳಗೆ ತಣ್ಣಗಾದರೆ ಅದರ ಎಲೆಕ್ಟ್ರಾನುಗಳು, ಒಂದರ ಮುಖ (ನಮ್ಮ ಭಾಷೆಯಲ್ಲಿ ಸ್ಪಿನ್) ಮೇಲಕ್ಕೆ ಇನ್ನೊಂದರದು ಕೆಳಕ್ಕೆ ಎಂಬಂತೆ ಜೋಡಿಯಾಗಿ, ಯಾವ ತಡೆಯೂ ಇಲ್ಲದೆ ಕರೆಂಟು ಹರಿಸುತ್ತವೆ. ಆ ಜೋಡಿಗಳು ತಮ್ಮಿಬ್ಬರಲ್ಲಿ ಯಾರ ಹೊಸಿಲು ದಾಟಿದರೂ ಸಾಕು, ಅಯಸ್ಕಾಂತದ ಶಿಸ್ತಿನವರಾದ ತಾವು ಎಲ್ಲರೂ ಒಂದೇ ಕಡೆ ಮುಖ ಮಾಡಬೇಕೆಂದು ಹಟ ಹಿಡಿದು ಸಂಸಾರ ಮುರಿಯುತ್ತೀರಿ.

ಕಳೆದ ಮಂಗಳವಾರ ಮಾರ್ಗದರ್ಶಕರಾದ ಶರತ್ಚಂದ್ರ ಸರ್, "ಶನಿವಾರದೊಳಗೆ ತಡೆ ಸೊನ್ನೆಗೆ ಇಳೀಲಿಲ್ಲ ಅಂದ್ರೆ ವಿಷಯ ಬದಲಾಯಿಸಮ್ಮ, ಯಂತ್ರ ಬೇರೆಯವರಿಗೆ ಬೇಕು" ಎಂದರು. ಹಳೇಬೀಡಿನ ಮನೆಗೆ ಬಂದು ತಟ್ಟೆಯ ಅನ್ನ ಕೆದಕುತ್ತಾ ಕೂತೆ. ಅಮ್ಮ ಕಮಲಾಕ್ಷಮ್ಮ ಬಿಡಲಿಲ್ಲ, ಎಲ್ಲ ಹೇಳಿಸಿದರು. ಹೇಳಿದ್ದನ್ನೆಲ್ಲ ಕೇಳಿ, "ಇಬ್ರೂ ಒಂದೇ ಕಡೆ ಎಳೀತಾ ಅವ್ರೆ ಅಂತೀಯ. ಒಬ್ಬನ್ನ ಆ ಕಡೆ ತಿರುಗಿಸಿ ನೋಡೇ" ಎನ್ನುತ್ತಾ ಸಾರು ಬಡಿಸಿದರು. ನಾಚಿಕೆಯಾಯಿತು. ತಾವು ಎದುರುಬದುರಾಗಿ ನಿಂತರೆ ತಮ್ಮ ಪ್ರಭಾವಗಳು ಪರಸ್ಪರ ಕಳೆದುಹೋಗುತ್ತವೆಂದು ನಾನೂ ಓದಿದ್ದೆ. ಆದರೆ ಅದರಿಂದಾಗುವ ವ್ಯತ್ಯಾಸ ತೀರಾ ಸಣ್ಣದು, ನಮ್ಮ ಯಂತ್ರಕ್ಕೆ ಕಾಣದೆಂದು ಸೋಮಾರಿತನದಿಂದ ಕೈಬಿಟ್ಟಿದ್ದೆ.

ಶುಕ್ರವಾರ ಮಧ್ಯಾಹ್ನ ತಾಪವನ್ನು ಕೂದಲೆಳೆಯಷ್ಟೂ ಅಲುಗದಂತೆ ಹಿಡಿದು, ಉಲ್ಟಾ ದಿಕ್ಕಿನಲ್ಲಿ ತುಸುವೇ ಅಯಸ್ಕಾಂತ ಬಲ ಕೊಟ್ಟೆ. ಮೆತ್ತಗಿನವರಾದ ಮೇಲಿನ ಪದರದವರು ತಿರುಗಿದರು, ಕೆಳಗಿನವರು ಜಪ್ಪಯ್ಯ ಅನ್ನಲಿಲ್ಲ. ತಡೆ ಸೊನ್ನೆಗೆ ಬಂತು! ನಾನು ಕಿರುಚಿದ ರಭಸಕ್ಕೆ ಟೆಕ್ನಿಷಿಯನ್ ಲಕ್ಷ್ಮೀಶಣ್ಣ ಓಡಿಬಂದು ಮೇನ್ ಸ್ವಿಚ್ಚಿಗೇ ಕೈಹಾಕಿದರು: "ಶಾಕ್ ಹೊಡೀತಾ ಮೇಡಂ?" ಅವರ ಕೈ ಹಿಡಿದು ನಿಲ್ಲಿಸಿದ್ದೇ ಅಂದಿನ ನಿಜವಾದ ಸಾಹಸ. ಸಂಜೆ ಸರ್ ಐದು ಸಲ ಅಳೆಸಿ ನೋಡಿ, "ಯಂತ್ರ ನಿನ್ನ ಹತ್ರಾನೇ ಇರ್ಲಿ ಕಣಮ್ಮ" ಎಂದರು.

ಆದ್ದರಿಂದ ನನ್ನ ಮೌಖಿಕ ಪರೀಕ್ಷೆ ಮುಗಿಯುವವರೆಗೆ ತಾವಿಬ್ಬರೂ ದಯವಿಟ್ಟು ರಾಜಿಯಾಗಬಾರದು. ಸಾಧ್ಯವಾದರೆ ಏಪ್ರಿಲ್ ಬಿಸಿಲಿನಲ್ಲೂ ಇದೇ ಕೃಪೆ ತೋರಬೇಕು. ನಯೋಬಿಯಂ ಕೂಡ ತಮ್ಮನ್ನು ಎದುರುಬದುರು ನಿಲ್ಲಿಸಲು ಒಳಗೊಳಗೇ ಮೆಲ್ಲನೆ ಒತ್ತುತ್ತಿರುತ್ತದೆ; ಸಾಧುವೆಂದು ಹಗುರಾಗಿ ಕಾಣಬೇಡಿ.

ತಮ್ಮ ಜಗಳವನ್ನೇ ನಂಬಿ ಬದುಕಿರುವ ವಿಶ್ವಾಸಿ,
ಪ್ರತಿಮಾ

ವಿ.ಸೂ.: ಈ ಫಲಿತಾಂಶದ ಬಗ್ಗೆ ಸಿದ್ಧವಾಗುತ್ತಿರುವ ಲೇಖನದ ಶೀರ್ಷಿಕೆಯಲ್ಲಿ ತಮ್ಮ ಹೆಸರೇ ಮೊದಲಿದೆ, ಲೇಖಕರ ಪಟ್ಟಿಯಲ್ಲಿ ನನ್ನದು ನಾಲ್ಕನೆಯದು. ಸರ್ ಹೆಸರು ಕೊನೆಯಲ್ಲಿದೆ; ನನಗಿಂತ ಮುಂದಿರುವ ಮೂವರು ತಮ್ಮನ್ನು ಇದುವರೆಗೆ ಕಂಡವರಲ್ಲ. ಎದುರು ಸಿಕ್ಕರೆ ದಯವಿಟ್ಟು ಪರಿಚಯ ಮಾಡಿಕೊಳ್ಳಿ.