ಟೀವಿಗೆ ಬಂದ ಗಾದಿಲಿಂಗಪ್ಪ

ಗಂಡ ಗಾದಿಲಿಂಗಪ್ಪ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಮಾತಾಡಿಸಲು ಬಂದವರಿಗೆಲ್ಲ ಉಚ್ಚಂಗೆಮ್ಮ ಒಂದೇ ಮಾತು ಹೇಳುತ್ತಿದ್ದಳು: ನಾವಿಬ್ಬರೂ ಒಂದು ಬಿರುಸು ಮಾತು ಆಡಿದವರಲ್ಲ. ಬಂದವರು ತಲೆಯಾಡಿಸಿ, ಚಹಾ ಕುಡಿದು ಹೋಗುತ್ತಿದ್ದರು. (ಸಾವಾದ ಮನೆಯಲ್ಲಿ ಯಾರೂ ವಾದಕ್ಕೆ ಇಳಿಯುವುದಿಲ್ಲ. ಗಂಡ ಸತ್ತವಳಿಗೆ ಇರುವ ಅನುಕೂಲ ಅದೊಂದೇ.) ಗೋಡೆಯಾಚೆಗಿನ ಮನೆಯಲ್ಲಿದ್ದ ಓರಗಿತ್ತಿ ಸುಮಲತಾಳಿಗೆ ನಿಜ ಗೊತ್ತಿತ್ತು. ಆದರೆ ಅವಳ ಹತ್ತಿರ ಸಾಕ್ಷಿ ಇರಲಿಲ್ಲ. ಅವಳು ತನ್ನ ಗಂಡನ ಮೇಲೆ ದನಿ ಎತ್ತಿದಾಗಲೆಲ್ಲ ಉಚ್ಚಂಗೆಮ್ಮ ಗೋಡೆಯ ಮೇಲಿಂದ ಇಣುಕಿ, ಗಂಡನ ಕೂಡ ಹೇಗೆ ಬಾಳಬೇಕೆಂದು ತನ್ನನ್ನೇ ಮಾದರಿ ಮಾಡಿ ಬುದ್ಧಿ ಹೇಳುತ್ತಿದ್ದಳು.

ಆ ಗಂಡನೇ ಮರುಳಪ್ಪ, ಉಚ್ಚಂಗೆಮ್ಮನ ಮೈದುನ. ಪಟ್ಟಣ ಪಂಚಾಯಿತಿ ಚುನಾವಣೆಗೆ ಹಿಂದೊಮ್ಮೆ ನಿಂತು ಸೋತಿದ್ದ, ಮತ್ತೆ ನಿಲ್ಲುವವನಿದ್ದ. ಅಣ್ಣನ ಪುಣ್ಯಸ್ಮರಣೆಗೆ ಕೊಟ್ಟೂರಿನ ಬಸ್ ನಿಲ್ದಾಣದ ಮುಂದೆ ಫ್ಲೆಕ್ಸ್ ಕಟ್ಟಿಸುತ್ತೇನೆಂದು ಅದರ ನಮೂನೆಯನ್ನು ಮೊಬೈಲಿನಲ್ಲಿ ತಂದು ತೋರಿಸಿದ. ಫ್ಲೆಕ್ಸಿನಲ್ಲಿ ಮರುಳಪ್ಪ ಕೈ ಮುಗಿದು ಆಳೆತ್ತರ ನಿಂತಿದ್ದ. ಗಾದಿಲಿಂಗಪ್ಪ ಮೂಲೆಯಲ್ಲಿ ಹಪ್ಪಳದಷ್ಟು ದುಂಡಗಿದ್ದ. ಅದೂ ಮತದಾರರ ಗುರುತಿನ ಚೀಟಿಯ ಫೋಟೋ. ಕಳವಿನ ಕೇಸಿನಲ್ಲಿ ಹಿಡಿದು ತಂದು ಠಾಣೆಯ ಗೋಡೆಗೆ ನಿಲ್ಲಿಸಿದ ಮುಖ.

"ಸತ್ತೋರು ಯಾರಪಾ, ನೀನೋ ಅವರೋ?" ಎಂದಳು ಉಚ್ಚಂಗೆಮ್ಮ.

ಮರುಳಪ್ಪ ನೊಂದುಕೊಂಡ. ಅಣ್ಣನದು ಬೇರೆ ಫೋಟೋ ಎಲ್ಲಿದೆ ತೋರಿಸು ಎಂದ. ಅದೂ ನಿಜವೇ. ಕ್ಯಾಮೆರಾ ಕಂಡರೆ ಗಾದಿಲಿಂಗಪ್ಪ ಕಟ್ಟಿಗೆಯಾಗುತ್ತಿದ್ದ. ಮದುವೆಯ ಫೋಟೋದಲ್ಲೂ ಅವನು ಯಾರದೋ ಹೆಣ ಎತ್ತಲು ಬಂದವನಂತೆ ನಿಂತಿದ್ದಾನೆ. ಆದರೆ ಅವನು ನಕ್ಕ ಮುಖ ಒಂದು ಕಡೆ ಇದೆಯೆಂದು ಉಚ್ಚಂಗೆಮ್ಮನಿಗೆ ಗೊತ್ತಿತ್ತು. ಅದು ಮಡಚುವ ಕಂಪ್ಯೂಟರಿನ ಒಳಗಿತ್ತು.

ಗಾದಿಲಿಂಗಪ್ಪನದು ಜೆರಾಕ್ಸ್ ಅಂಗಡಿ. ಗುಡ್ಡದ ಮೇಲೆ ಗಾಳಿ ಫ್ಯಾನು ನಿಲ್ಲಿಸಲು ಬಂದಿದ್ದ ಎಂಜಿನಿಯರ್ ಒಬ್ಬ ಊರು ಬಿಡುವಾಗ ಆ ಕಂಪ್ಯೂಟರನ್ನು ಅವನಿಗೆ ಮಾರಿದ್ದ. ರೊಟ್ಟಿಯ ಕಲ್ಲಿನಷ್ಟು ಭಾರ, ಬ್ಯಾಟರಿ ಸತ್ತಿತ್ತು, ಗೋಡೆಗೆ ವಯರು ಚುಚ್ಚಿದರೆ ಮಾತ್ರ ಜೀವ. ಅಂಥದ್ದನ್ನು ಗಾದಿಲಿಂಗಪ್ಪ ಕೊನೆಯವರೆಗೂ ತೊಡೆಯಿಂದ ಇಳಿಸಲಿಲ್ಲ. ಉಚ್ಚಂಗೆಮ್ಮ ಅದಕ್ಕೆ ಸವತಿ ಎನ್ನುತ್ತಿದ್ದಳು. (ಪ್ರೀತಿಯಿಂದ, ಎಂದು ಈಗ ಹೇಳುತ್ತಾಳೆ.) ಒಂದು ಸಂಜೆ ಅವನು ಅದಕ್ಕೊಂದು ಪುಟ್ಟ ಕ್ಯಾಮೆರಾ ಸಿಕ್ಕಿಸಿ, ತನ್ನನ್ನೇ ಹಿಡಿದು ಪರೀಕ್ಷೆ ಮಾಡುತ್ತಿದ್ದ. ಇವಳು ಅಡಿಗೆಮನೆಯಿಂದ ಏನೋ ಅಂದಳು. ಅವನು ಭುಜ ಕುಣಿಯುವಂತೆ ನಕ್ಕ. ತಾನು ಏನಂದೆ ಎಂಬುದು ಅವಳಿಗೆ ಮರೆತಿತ್ತು. ನಗು ಮರೆತಿರಲಿಲ್ಲ. ಆಮೇಲೆ ಕಂಪ್ಯೂಟರಿನ ಪರದೆ ಕಪ್ಪಾಯಿತು, ಅವನೂ ಹೋದ.

ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಒಳಗಿನದನ್ನು ತೆಗೆಯೋಣ ಎಂದು ರಿಪೇರಿಯವನೊಬ್ಬ ಹೇಳಿದ್ದನಂತೆ. "ಒಬ್ಬರನ್ನ ಕೊಯ್ಸಿ ನೋಡೀನಿ. ಸಾಕು," ಎಂದು ಉಚ್ಚಂಗೆಮ್ಮ ಅದನ್ನು ಎತ್ತಿಕೊಂಡು ಬಂದುಬಿಟ್ಟಿದ್ದಳು.

ಈಗ ಸತ್ತ ಪರದೆಯ ಬದಲಿಗೆ ಅದನ್ನು ಮರುಳಪ್ಪನ ಹೊಸ ಟೀವಿಗೆ ಜೋಡಿಸಬೇಕೆಂದು ಹಟ ಹಿಡಿದಳು. ಆ ಟೀವಿ ಅರ್ಧ ಗೋಡೆ ತಿಂದಿತ್ತು. ಕರಾರು ಇಷ್ಟೇ: ನಗು ಸಿಕ್ಕರೆ ಅಣ್ಣ ಆಳೆತ್ತರ, ತಮ್ಮ ಹಪ್ಪಳ. ಸಿಗದಿದ್ದರೆ ಠಾಣೆಯ ಮುಖವೇ ಗತಿ. ಫ್ಲೆಕ್ಸಿನವನಿಗೆ ಅಂದೇ ಸಂಜೆ ಫೋಟೋ ಕೊಡಬೇಕಿತ್ತು. ಮರುಳಪ್ಪ ಒಪ್ಪಿದ. ಆ ಪೆಟ್ಟಿಗೆ ಮಿಸುಕುವುದಿಲ್ಲ ಎಂದು ಅವನಿಗೆ ಭಾರಿ ನಂಬಿಕೆ.

ಮಿಕ್ಸಿ, ಟೀವಿ ರಿಪೇರಿ ಮಾಡುವ ಖಲಂದರ ಬಂದ. ಹಳೆಯದಕ್ಕೆ ಹಿಂದುಗಡೆ ಅಗಲ ಬಾಯಿ, ಹೊಸದಕ್ಕೆ ಚಪ್ಪಟೆ ಬಾಯಿ, ಈ ಸಂಬಂಧ ನೇರ ಕೂಡುವುದಿಲ್ಲ, ನಡುವೆ ಒಬ್ಬ ದಲ್ಲಾಳಿ ಬೇಕು ಎಂದ. ಹರಪನಹಳ್ಳಿಯಿಂದ ಬೆರಳುದ್ದದ ದಲ್ಲಾಳಿಯನ್ನು ತಂದೂ ಇಟ್ಟ. ಆದರೆ ವಯರು ಒಳಗೆ ಹೋಗಲೊಲ್ಲದು. ಖಲಂದರ ಕನ್ನಡಕ ಏರಿಸಿ ನೋಡಿದ.

"ಅಕ್ಕಾ, ವಯರ್ ಹೋಗೋ ತೂತಿನಾಗ ದೇವ್ರು ಕುಂತಾನಲ್ಲ."

ಆಯುಧ ಪೂಜೆ. ಪ್ರತಿ ವರ್ಷ ಉಚ್ಚಂಗೆಮ್ಮ ಸವತಿಯನ್ನು ಮಣೆಯ ಮೇಲೆ ಕೂರಿಸಿ, ಕಣ್ಣಿಗೆ ಕಂಡ ತೂತಿಗೆಲ್ಲ ವಿಭೂತಿ, ಕುಂಕುಮ ನೀರಲ್ಲಿ ಕಲಸಿ ಹಚ್ಚಿದ್ದಳು. ಅದು ಒಣಗಿ ಗಾರೆಯಾಗಿತ್ತು. ಪರದೆ ಕಪ್ಪಾದದ್ದು ಯಾವ ಪೂಜೆಯಾದ ಮೇಲೆ ಎಂದು ಸುಮಲತಾ ಮೆತ್ತಗೆ ಕೇಳಿದಳು. ಈವರೆಗೆ ಪರದೆ ಕೆಡಿಸಿದ ಅಪವಾದ ಸುಮಲತಾಳ ಮಕ್ಕಳ ತಲೆಯ ಮೇಲಿತ್ತು.

"ಎಬ್ಬಿಸಪಾ ದೇವ್ರನ್ನ," ಎಂದಳು ಉಚ್ಚಂಗೆಮ್ಮ ಖಲಂದರನಿಗೆ, ಓರಗಿತ್ತಿಯ ಕಡೆ ನೋಡದೆ.

ಖಲಂದರ ಸೂಜಿ ಹಿಡಿದು ದೇವರನ್ನು ಕೆರೆದು ಕೆರೆದು ಎಬ್ಬಿಸಿದ. ವಯರು ಕೂತಿತು. ಟೀವಿ ತನಗೇನೂ ಬಂದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ಸುಮ್ಮನಾಯಿತು. ಚಿತ್ರವನ್ನು ಹೊರಗೆ ಕಳಿಸುವ ಗುಂಡಿ ಒಂದಿದೆಯಂತೆ, ಯಾವುದೆಂದು ಖಲಂದರನಿಗೂ ಗೊತ್ತಿಲ್ಲ. ಗೊತ್ತಿಲ್ಲವೆಂದು ಒಪ್ಪುವ ಜಾತಿಯೂ ಅವನದಲ್ಲ. ಹಾರ್ಮೋನಿಯಂ ನುಡಿಸಿದಂತೆ ಎಲ್ಲವನ್ನೂ ಒತ್ತಿದ. ಯಾವುದೋ ಒಂದಕ್ಕೆ ಗೋಡೆಯ ತುಂಬ ಬೆಳಕಾಯಿತು. ಹುಡುಕಿ ಹುಡುಕಿ ಒಂದು ಕಡೆ ಒತ್ತಿದಾಗ ಗಾದಿಲಿಂಗಪ್ಪ ಬಂದ.

ಆಳೆತ್ತರಕ್ಕಿಂತ ದೊಡ್ಡದಾಗಿ ಬಂದ. ಕನ್ನಡಕ ಸರಿಮಾಡಿಕೊಂಡ. ಕಟ್ಟಿಗೆಯಂತೆ ಕೂತ. ಆಮೇಲೆ ಕತ್ತು ಹೊರಳಿಸಿ ಅಡಿಗೆಮನೆಯ ಕಡೆ ನೋಡಿದ, ಮುಖ ಬಿರಿಯಿತು, ಭುಜ ಕುಣಿಯಿತು. ಕೊನೆಗೆ ತುಟಿ ಒಮ್ಮೆ ಅಲುಗಿತು. ಚಿತ್ರ ಮಾತ್ರ. ಸದ್ದಿಲ್ಲ.

ಉಚ್ಚಂಗೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲದ ಮೇಲೆ ಕೂತಳು. ಸ್ಮರಣೆಗೆಂದು ತಂಬ್ರಹಳ್ಳಿಯಿಂದ ಬಂದಿದ್ದ ಬೀಗರು, ಬಾಗಿಲಲ್ಲಿ ನೆರೆದಿದ್ದ ಓಣಿಯವರು, ಎಲ್ಲರೂ ಕಣ್ಣೊರೆಸಿಕೊಂಡರು. ಮರುಳಪ್ಪ ನಗುವ ಮುಖವನ್ನು ಮೊಬೈಲಿನಲ್ಲಿ ಹಿಡಿದು ಫ್ಲೆಕ್ಸಿನವನಿಗೆ ಕಳಿಸಿದ. ಸೋತರೂ ಮಾತಿಗೆ ತಪ್ಪಲಿಲ್ಲ, ಬೀಗರು ನೋಡುತ್ತಿದ್ದರು. ಅಲ್ಲಿಗೆ ಬಿಟ್ಟಿದ್ದರೆ ಎಲ್ಲರ ಮಾನವೂ ಉಳಿಯುತ್ತಿತ್ತು.

ಆದರೆ ಮರುಳಪ್ಪನಿಗೆ ಆ ಅಲುಗಿದ ತುಟಿ ಕಣ್ಣಿಗೆ ಬಿತ್ತು. "ಅತ್ತಿಗಿ, ಅಣ್ಣ ಏನೋ ಹೇಳ್ಯಾನ. ನನ್ನ ಹೆಸರೇ ಹೇಳಿರಬೇಕು."

ಈ ವಯರಿನಲ್ಲಿ ಚಿತ್ರ ಮಾತ್ರ ಬರುತ್ತದೆ, ಸದ್ದಿಗೆ ಬೇರೆ ವಯರು ಬೇಕು ಎಂದ ಖಲಂದರ. ಮರುಳಪ್ಪ ಓಡಿಹೋಗಿ ಪ್ರಚಾರಕ್ಕೆ ಇಟ್ಟುಕೊಂಡಿದ್ದ ಸ್ಪೀಕರ್ ಪೆಟ್ಟಿಗೆ ಹೊತ್ತು ತಂದ. ಹಚ್ಚಲೋ ಬೇಡವೋ ಎಂದು ಖಲಂದರ ಉಚ್ಚಂಗೆಮ್ಮನ ಮುಖ ನೋಡಿದ.

"ಹಚ್ಚು. ಅವರ ದನಿ ಕೇಳಿ ವರ್ಷಾತು."

ಮತ್ತೆ ಗಾದಿಲಿಂಗಪ್ಪ ಬಂದ. ಕನ್ನಡಕ ಸರಿಮಾಡಿಕೊಂಡ. ಸ್ಪೀಕರಿನಿಂದ, ಓಣಿಯ ಆ ತುದಿಗೂ ಮುಟ್ಟುವಂತೆ, ಉಚ್ಚಂಗೆಮ್ಮನ ದನಿ ಹೊರಟಿತು.

"ಮತ್ತ ಆ ಸವತಿ ಮುಂದ ಕುಂತ್ರಾ? ಹಾಲು ಉಕ್ಕಿ ಒಲಿ ಆರಿದ್ರೂ ಖಬರಿಲ್ಲ ನಿಮಗ. ಅದನ್ನ ಕಟಗೊಂಡು ಹೋಗ್ರಿ ಅತ್ತಾಗ, ಅದ ರೊಟ್ಟಿ ಬಡದು ಹಾಕ್ಲಿ. ಅಣ್ಣ ತಮ್ಮ ಇಬ್ಬರೂ ಒಂದ ಅಚ್ಚು. ನೀವು ಇಲ್ಲಿ ಪೆಟ್ಟಿಗಿ ಹಿಡಕೊಂಡು ಕುಂತೀರಿ, ಅಂವ ಅಲ್ಲಿ ಎಲೆಕ್ಷನ್ ಅಂತ ಕುಣ್ಯಾಕ ಹತ್ಯಾನ. ಆ ಮರುಳಪ್ಪಗ ಊರು ಅತ್ತಾಗಿರ್ಲಿ, ಕಟಗೊಂಡ ಹೆಂಡ್ತಿ ಸೈತ ಓಟು ಹಾಕಂಗಿಲ್ಲ."

ಆಗ ಗಾದಿಲಿಂಗಪ್ಪ ನಕ್ಕ. ಭುಜ ಕುಣಿಯುವಂತೆ ನಕ್ಕ. ನಕ್ಕು ಮುಗಿಸಿ, ಇಡೀ ಚಿತ್ರದಲ್ಲಿ ತನ್ನ ಪಾಲಿಗೆ ಬಂದಿದ್ದ ಎರಡೇ ಮಾತು ಆಡಿದ.

"ಆತು ಬಿಡು."

ಮರುಳಪ್ಪ ಹೆಂಡತಿಯ ಮುಖ ನೋಡಿದ. ಹೆಂಡತಿ ಅವನ ಮುಖ ನೋಡಲಿಲ್ಲ. ಅವಳು ಉಚ್ಚಂಗೆಮ್ಮನ ಪಕ್ಕಕ್ಕೆ ಬಂದು, ಬಹಳ ಮರ್ಯಾದೆಯಿಂದ ಕೂತಳು.

"ಖರೇ ಐತಿ ಬಿಡ್ರಿ ಅಕ್ಕ. ಒಂದು ಬಿರುಸು ಮಾತಿಲ್ಲ."

ಮರುದಿನ ಬಸ್ ನಿಲ್ದಾಣದ ಮುಂದೆ ಫ್ಲೆಕ್ಸ್ ಏರಿತು. ಗಾದಿಲಿಂಗಪ್ಪ ಆಳೆತ್ತರ ನಗುತ್ತಿದ್ದ. ಮೂಲೆಯಲ್ಲಿ ಮರುಳಪ್ಪ ಹಪ್ಪಳದೊಳಗೆ ಕೈ ಮುಗಿದಿದ್ದ. ಅಣ್ಣ ಯಾಕೆ ನಗುತ್ತಿದ್ದಾನೆ ಎಂಬುದು ಅಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಬಸ್ಸಿಗೆ ಕಾದವರು ಮೇಲೊಮ್ಮೆ, ಮೂಲೆಗೊಮ್ಮೆ ನೋಡಿ ನಗು ಮುಚ್ಚಲು ಬಾಯಿಗೆ ಟವೆಲ್ ಹಿಡಿಯುತ್ತಿದ್ದರು.

ಉಚ್ಚಂಗೆಮ್ಮನೂ ಪೂಜೆಯ ಹೂವಿಗೆಂದು ಹೋದವಳು ಅದರ ಕೆಳಗೆ ನಿಂತಳು. ಇನ್ನು ಮೇಲೆ ಬಾಯಿ ಬಿಗಿ ಹಿಡಿಯಬೇಕೆಂದು ರಾತ್ರಿಯೇ ಆಣೆ ಮಾಡಿಕೊಂಡಿದ್ದಳು. ತುಸು ಹೊತ್ತು ಹಿಡಿದಳು. ಅವನು ನಗುವುದನ್ನು ನಿಲ್ಲಿಸಲಿಲ್ಲ.

"ನಗ್ರಿ, ನಗ್ರಿ," ಎಂದಳು. "ಮನಿಗೆ ಬರ್ರಿ, ಐತಿ ನಿಮಗ."

ಎದುರಿನ ಚಹಾದ ಅಂಗಡಿಯಲ್ಲಿ ಎಲ್ಲರೂ ತಲೆ ತಗ್ಗಿಸಿ ಚಹಾ ಕುಡಿದರು.